ಪಿಕಪ್‌ಗೆ ದೊಡ್ಡ ಟೈರು: ಮೊದಲು ಟೇಪು, ಆಮೇಲೆ ಪರ್ಸು

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ತೋಟದ ದಾರಿಗಳಲ್ಲಿ ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ನಂಥ ಪಿಕಪ್‌ಗಳು ಈಗ ಮಾಮೂಲು. ಗಾಡಿ ಮನೆಗೆ ಬಂದ ವರ್ಷದೊಳಗೆ ಮಾಲೀಕರಿಗೆ ಹತ್ತುವ ಗೀಳು ದೊಡ್ಡ ಟೈರಿನದು. ಎಲ್ಲೋ ಒಂದು ಫೋಟೊ ನೋಡಿ 285ರ ಟೈರು ಹಾಕಿಸುತ್ತಾರೆ. ಅಂಗಡಿ ಅಂಗಳದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಚಾರ್ಮಾಡಿಯ ಮೊದಲ ಹಿಮ್ಮುರಿ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ 'ಗರ್ರ್' ಸದ್ದು ಶುರು. ಮಡ್‌ಫ್ಲಾಪ್ ಹರಿಯುತ್ತದೆ, ಚಕ್ರದ ಗೂಡಿನ ಪ್ಲಾಸ್ಟಿಕ್ ಲೈನರ್ ಕಿತ್ತು ನೇತಾಡುತ್ತದೆ. ಸದ್ದು ಅಡಗಿಸಲು ಸ್ಪೇಸರ್ (ಚಕ್ರವನ್ನು ಹೊರಗೆ ಸರಿಸುವ ಬಿಲ್ಲೆ) ಹಾಕುತ್ತಾರೆ, ಸದ್ದು ಇನ್ನೂ ಹೆಚ್ಚುತ್ತದೆ. ಆಮೇಲೆ ಗಾಡಿಯನ್ನೇ ಎತ್ತರಿಸುವ ಲಿಫ್ಟ್ ಕಿಟ್. ಅದರಿಂದಲೂ ಹೋಗುವುದಿಲ್ಲ. ಟೈರಿನ ಅಳತೆಯನ್ನು ಅಂಗಡಿಯಲ್ಲಿ ಅಲ್ಲ, ಮುಂದಿನ ಚಕ್ರದ ಗೂಡಿನಲ್ಲಿ ಕೈ ಹಾಕಿ ನಿರ್ಧರಿಸಬೇಕು.

1. ಗಾಡಿಯ ಲೆಕ್ಕ ಬರೆದುಕೊಳ್ಳಿ

ಬಾಗಿಲ ಚೌಕಟ್ಟಿನ ಸ್ಟಿಕರಿನಲ್ಲಿ ಮೂಲ ಅಳತೆ ಇರುತ್ತದೆ. ವಿ-ಕ್ರಾಸ್‌ಗೆ 255/60 ಆರ್18, ಹೈಲಕ್ಸ್‌ನ ಮೇಲಿನ ಮಾದರಿಗೆ 265/60 ಆರ್18. ಮೊದಲ ಸಂಖ್ಯೆ ಮಿ.ಮೀ. ಲೆಕ್ಕದ ಅಗಲ. ಎರಡನೆಯದು ಆ ಅಗಲದಲ್ಲಿ ಶೇಕಡಾ ಎಷ್ಟು ಸೈಡ್‌ವಾಲಿನ (ಟೈರಿನ ಬದಿಗೋಡೆಯ) ಎತ್ತರ ಎಂಬುದು. ಕೊನೆಯದು ರಿಮ್ಮಿನ ಇಂಚು. 255ರ ಶೇ 60 ಅಂದರೆ 153. ಅದರ ಎರಡರಷ್ಟು 306, ಅದಕ್ಕೆ 18 ಇಂಚಿನ 457 ಸೇರಿಸಿದರೆ ಟೈರಿನ ಒಟ್ಟು ಎತ್ತರ 763 ಮಿ.ಮೀ. ಇದೇ ಲೆಕ್ಕದಲ್ಲಿ 265/60 ಆರ್18ಕ್ಕೆ 775, 265/70 ಆರ್17ಕ್ಕೆ 803, 285/70 ಆರ್17ಕ್ಕೆ 831 ಬರುತ್ತದೆ.

ಮೂಲಕ್ಕಿಂತ ಶೇ 3ರವರೆಗೆ ಎತ್ತರಿಸಿದರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಶೇ 5 ಆದಾಗ ಅಲ್ಲಿಷ್ಟು ಇಲ್ಲಿಷ್ಟು ಕತ್ತರಿ ಆಡಿಸಬೇಕಾಗುತ್ತದೆ. ವಿ-ಕ್ರಾಸ್‌ಗೆ 285/70 ಹಾಕಿದರೆ ಸುಮಾರು ಶೇ 9 ಎತ್ತರ. ಅದು ಟೈರು ಬದಲಿಸುವ ಕೆಲಸ ಅಲ್ಲ, ಗಾಡಿಯನ್ನೇ ಬದಲಿಸುವ ಕೆಲಸ.

ಇನ್ನೊಂದು ಭ್ರಮೆ, ಟೈರು ಎತ್ತರವಾದಷ್ಟೂ ಗಾಡಿ ಏರುತ್ತದೆ ಎಂಬುದು. ಟೈರಿನ ಎತ್ತರ 40 ಮಿ.ಮೀ. ಹೆಚ್ಚಿದರೆ ಗಾಡಿಯ ತಳ ಏರುವುದು ಅದರ ಅರ್ಧ, 20 ಮಿ.ಮೀ. ಮಾತ್ರ. ಅಷ್ಟಕ್ಕೆ ಕಲ್ಲು ತಾಗುವುದು ನಿಂತೀತು ಎಂದು ನಂಬಿ ದುಡ್ಡು ಸುರಿಯುವ ಮೊದಲು ಎರಡು ಸಲ ಯೋಚಿಸಿ.

2. ರಿಮ್: ಮೇಲೆ ಹೋಗಬೇಡಿ, ಕೆಳಗೆ ಬನ್ನಿ

ಕೆಸರು, ಕಲ್ಲಿನ ದಾರಿಗೆ ಬೇಕಿರುವುದು ರಬ್ಬರಿನ ಎತ್ತರ, ಅಲಾಯ್‌ನ ಹೊಳಪಲ್ಲ. 20 ಇಂಚಿನ ರಿಮ್ ಹಾಕಿದವರು ಗುಂಡಿಗೆ ಬಿದ್ದ ಮೊದಲ ದಿನವೇ ರಿಮ್ಮಿನ ತುಟಿ ಬಗ್ಗಿಸಿಕೊಳ್ಳುತ್ತಾರೆ. 255/60 ಆರ್18ರಲ್ಲಿ ಸೈಡ್‌ವಾಲ್ 153 ಮಿ.ಮೀ., 265/70 ಆರ್17ರಲ್ಲಿ 185. ಕೆಸರಿನಲ್ಲಿ ಗಾಳಿ ಇಳಿಸಿದಾಗ ಟೈರು ಹರಡಿ ಹಿಡಿತ ಕೊಡಲು ಈ 32 ಮಿ.ಮೀ. ಬಲು ದೊಡ್ಡದು.

ವಿ-ಕ್ರಾಸ್‌ನ ಬ್ರೇಕಿಗೆ 17 ಕೂರುತ್ತದೆಯೇ ಎಂಬ ಅನುಮಾನ ಬೇಡ. ಅದೇ ವಂಶದ ಹೈ-ಲ್ಯಾಂಡರ್ 245/70 ಆರ್16ರಲ್ಲಿ ಓಡುತ್ತದೆ. ಹೈಲಕ್ಸ್‌ನ ಕೆಳಗಿನ ಮಾದರಿಯೂ 17ರದೇ. ಆದರೂ ಹೊರಗಿನ ಅಲಾಯ್‌ನ ಒಳ ಆಕಾರ ಬೇರೆ ಇರಬಹುದು. ಟೈರು ಕಟ್ಟುವ ಮೊದಲು ಖಾಲಿ ರಿಮ್ಮನ್ನು ಬೋಲ್ಟ್ ಮಾಡಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ. ಕ್ಯಾಲಿಪರ್‌ಗೂ ರಿಮ್ಮಿಗೂ ನಡುವೆ ಕನಿಷ್ಠ 3 ಮಿ.ಮೀ. ಇರಲಿ. ಎರಡೂ ಗಾಡಿಗೆ ಆರು ಬೋಲ್ಟು, 139.7 ಪಿಸಿಡಿ (ಬೋಲ್ಟುಗಳು ಕೂರುವ ವೃತ್ತದ ವ್ಯಾಸ, ಮಿ.ಮೀ. ಲೆಕ್ಕ). ಮಧ್ಯದ ರಂಧ್ರ ಹಬ್ಬಿಗೆ ಬಿಗಿಯಾಗಿ ಕೂರಬೇಕು, ಸಡಿಲವಿದ್ದರೆ ಸರಿಯಳತೆಯ ರಿಂಗ್ ಹಾಕಿಸಿ. ನಟ್ಟುಗಳನ್ನೂ ನೋಡಿ: ಚಪ್ಪಟೆ ಕೂರುವ ನಟ್ಟನ್ನು ಶಂಕುವಿನಾಕಾರದ ರಂಧ್ರಕ್ಕೆ ಬಿಗಿದರೆ ಸ್ವಲ್ಪ ದಿನದಲ್ಲೇ ಅದು ಸಡಿಲವಾಗುತ್ತದೆ.

3. ಆಫ್‌ಸೆಟ್ ಮತ್ತು ಜಾಗ: ಎಲ್ಲರೂ ಎಡವುವುದು ಇಲ್ಲೇ

ರಿಮ್ಮಿನ ಹಿಂಬದಿಯಲ್ಲಿ 'ಇಟಿ' ಅಕ್ಷರದ ಪಕ್ಕ ಒಂದು ಸಂಖ್ಯೆ ಇರುತ್ತದೆ. ಅದೇ ಆಫ್‌ಸೆಟ್: ರಿಮ್ಮಿನ ನಡುಗೆರೆಗೂ ಹಬ್ಬಿಗೆ ಕೂರುವ ಮುಖಕ್ಕೂ ಇರುವ ದೂರ, ಮಿ.ಮೀ. ಲೆಕ್ಕದಲ್ಲಿ. ಅದು ಕಡಿಮೆಯಾದಷ್ಟೂ ಚಕ್ರ ಹೊರಗೆ ಸರಿಯುತ್ತದೆ. ಹೊರಗೆ ಬಂದರೆ ಜಾಗ ಹೆಚ್ಚುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಇದು ಅರ್ಧ ಸತ್ಯ. ಒಳಗಡೆ, ಚಕ್ರವನ್ನು ಚಾಸಿಗೆ ಜೋಡಿಸುವ ಮೇಲಿನ ಕಂಟ್ರೋಲ್ ಆರ್ಮ್ ಕಡೆ ಜಾಗ ಹೆಚ್ಚುವುದು ನಿಜ. ಆದರೆ ಸ್ಟೇರಿಂಗ್ ತಿರುಗಿಸಿದಾಗ ಹೊರಗಿರುವ ಚಕ್ರ ಬಾಗಿಲ ಕೀಲಿನಂತೆ ದೊಡ್ಡ ಕಮಾನು ಬಳಸಿ ಹೋಗುತ್ತದೆ. ಆಗ ಅದರ ಹಿಂಬದಿಯ ಮೂಲೆ ಮಡ್‌ಫ್ಲಾಪಿಗೆ, ಮುಂಬದಿಯ ಮೂಲೆ ಬಂಪರ್ ತುದಿಗೆ ಬಡಿಯುತ್ತದೆ. ಸ್ಪೇಸರ್ ಹಾಕಿದ ಮೇಲೆ ಉಜ್ಜುವುದು ಹೆಚ್ಚಾಗುವುದು ಈ ಕಾರಣಕ್ಕೆ.

ಉದಾಹರಣೆಗೆ, ಏಳೂವರೆ ಇಂಚು ಅಗಲದ, +33 ಆಫ್‌ಸೆಟ್‌ನ ರಿಮ್ ತೆಗೆದು 8 ಇಂಚಿನ, +20ರದ್ದು ಹಾಕುತ್ತೀರಿ ಎನ್ನಿ. ಅಗಲ ಅರ್ಧ ಇಂಚು ಹೆಚ್ಚಿತು, ಅಂದರೆ ಪ್ರತಿ ಬದಿಗೆ ಸುಮಾರು 6 ಮಿ.ಮೀ. ಆಫ್‌ಸೆಟ್ 13 ಇಳಿಯಿತು. ಹೊರ ಅಂಚು 6 ಕೂಡಿಸು 13, ಒಟ್ಟು 19 ಮಿ.ಮೀ. ಹೊರಕ್ಕೆ ಬರುತ್ತದೆ. ಒಳ ಅಂಚೂ 13 ಕಳೆ 6, ಅಂದರೆ 7 ಮಿ.ಮೀ. ಹೊರಕ್ಕೇ ಸರಿಯುತ್ತದೆ. ಈ ಎರಡು ಸಂಖ್ಯೆ ಬರೆದುಕೊಳ್ಳದೆ ರಿಮ್ ಕೊಳ್ಳಬೇಡಿ.

ಈಗ ಗಾಡಿಯಲ್ಲೇ ಅಳೆಯಬೇಕು. ಬೇಕಾಗುವುದು ಟೇಪು, ಸೀಮೆಸುಣ್ಣ, ಮಕ್ಕಳು ಆಡುವ ಬಣ್ಣದ ಜೇಡಿಯ ಒಂದು ಡಬ್ಬಿ, ಒಬ್ಬ ಜೊತೆಗಾರ. ಹಳೇ ಟೈರುಗಳಿಗೆ ಸರಿಯಾದ ಗಾಳಿ ಇರಲಿ.

ನಾಲ್ಕು ಕಡೆ ಜೇಡಿಯ ಉಂಡೆ ಅಂಟಿಸಿ: ಚಕ್ರದ ಗೂಡಿನ ಹಿಂದಿನ ಕೆಳಮೂಲೆಯಲ್ಲಿ (ಮಡ್‌ಫ್ಲಾಪಿನ ಒಳಗೆ, ಬಾಡಿಯನ್ನು ಚಾಸಿಗೆ ಬಿಗಿದ ಬಾಡಿ ಮೌಂಟ್ ಮತ್ತು ತಗಡಿನ ಬೆಸುಗೆ ಅಂಚು ಇರುವ ಜಾಗ); ಮುಂಭಾಗದಲ್ಲಿ ಲೈನರ್ ಬಂಪರಿಗೆ ಸೇರುವಲ್ಲಿ; ಒಳಗೆ ಮೇಲಿನ ಕಂಟ್ರೋಲ್ ಆರ್ಮ್‌ನ ಬಾಲ್ ಜಾಯಿಂಟ್ ಬಳಿ; ಕೊನೆಯದಾಗಿ, ಗಾಡಿ ವಾಲುವುದನ್ನು ತಡೆಯುವ ಸ್ವೇ ಬಾರ್‌ನ ತುದಿಯಲ್ಲಿ. ಉಂಡೆಗಳು ಈಗಿರುವ ಸಂದಿಗಿಂತ ದಪ್ಪವಿರಬೇಕು, ಟೈರು ಅವನ್ನು ಚಪ್ಪಟೆ ಮಾಡಲಿ.

ಇನ್ನು ಒಂದು ಮುಂಚಕ್ರವನ್ನು 20-25 ಸೆಂ.ಮೀ. ಎತ್ತರದ ಗಟ್ಟಿ ದಿಣ್ಣೆಯ ಮೇಲೆ ಹತ್ತಿಸಿ, ಸ್ಪ್ರಿಂಗ್ ಕುಗ್ಗಲಿ. ಆ ಸ್ಥಿತಿಯಲ್ಲೇ ಸ್ಟೇರಿಂಗ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ. ಆಮೇಲೆ ಮೆಲ್ಲಗೆ ಹಿಂದಕ್ಕೆ ಹೋಗಿ ಬ್ರೇಕ್ ಒತ್ತಿ. ಬುಷ್‌ಗಳ ಅಲುಗಾಟದಿಂದ ಚಕ್ರ ಕೆಲವು ಮಿ.ಮೀ. ಆಚೀಚೆ ಸರಿಯುತ್ತದೆ, ಅಂಗಡಿಯವರು ನೋಡದೇ ಬಿಡುವುದು ಇದನ್ನೇ. ಇನ್ನೊಂದು ಬದಿಗೂ ಇದನ್ನೇ ಮಾಡಿ. ಚಪ್ಪಟೆಯಾದ ಜೇಡಿಯ ದಪ್ಪವೇ ನಿಮಗಿರುವ ನಿಜವಾದ ಜಾಗ.

ಆ ದಪ್ಪದಿಂದ ಕಳೆಯಬೇಕಾದದ್ದು ನಾಲ್ಕು. ಎತ್ತರ ಹೆಚ್ಚಿದ್ದರ ಅರ್ಧ: 763ರಿಂದ 803ಕ್ಕೆ 20 ಮಿ.ಮೀ. ಅಗಲ ಹೆಚ್ಚಿದ್ದರ ಅರ್ಧ: 255ರಿಂದ 265ಕ್ಕೆ 5. ರಿಮ್ ಬದಲಿಸುವುದಾದರೆ ಮೇಲೆ ಬರೆದುಕೊಂಡ ಒಳ, ಹೊರ ಅಂಚಿನ ಲೆಕ್ಕ (ಒಳ ಅಂಚು ಹೊರಕ್ಕೆ ಸರಿದಿದ್ದರೆ ಒಳಗಡೆ ಅಷ್ಟು ಕೂಡಿಸಿ). ನಾಲ್ಕನೆಯದು ಎಲ್ಲರೂ ಮರೆಯುವಂಥದ್ದು: ಹಳೇ ಟೈರು ಸವೆದಿದ್ದರೆ ಆ ಸವೆತವನ್ನೂ ಕಳೆಯಬೇಕು. 5 ಮಿ.ಮೀ. ಸವೆದ ಟೈರಿನಿಂದ ಅಳೆದರೆ ನಿಮಗೆ ಸಿಕ್ಕಿದ್ದು 5 ಮಿ.ಮೀ. ಸುಳ್ಳು ಜಾಗ. ಎಲ್ಲ ಕಳೆದ ಮೇಲೆ 12 ಮಿ.ಮೀ. ಉಳಿಯದಿದ್ದರೆ ಆ ಅಳತೆ ಬೇಡ. ತೋಟದ ಕೆಂಪು ಜೇಡಿಮಣ್ಣು ಟೈರಿನ ಭುಜಕ್ಕೆ ಮೆತ್ತಿಕೊಂಡಾಗ ಆ 12 ಬೇಕೇ ಬೇಕು. ಜೊತೆಗೆ, ಒಂದೇ ಅಳತೆ ಬರೆದ ಎರಡು ಕಂಪನಿಯ ಟೈರು ನಿಜದಲ್ಲಿ ಒಂದೇ ಅಗಲ ಇರುವುದಿಲ್ಲ. ಮಡ್ ಟೈರುಗಳ ಭುಜ ಉಬ್ಬಿಯೇ ಇರುತ್ತದೆ. ಬರೆದದ್ದನ್ನು ನಂಬದೆ ಟೇಪು ಹಿಡಿಯಿರಿ.

ಸ್ವಲ್ಪವೇ ಸಾಲದಿದ್ದರೆ ದಾರಿಗಳಿವೆ. ಮೊದಲನೆಯದು ಮಡ್‌ಫ್ಲಾಪಿನ ಒಳ ಅಂಚು ಕತ್ತರಿಸುವುದು. ಎರಡನೆಯದು ಲೈನರನ್ನು ಹೀಟ್ ಗನ್ನಿನಲ್ಲಿ ಮೆತ್ತಗೆ ಮಾಡಿ, ದಪ್ಪ ಬಟ್ಟೆ ಹಿಡಿದು ಹಿಂದಕ್ಕೆ ಒತ್ತಿ ತಣಿಯಲು ಬಿಡುವುದು. ಅದರ ಹಿಂದೆ ವೈರಿಂಗ್ ಇದೆಯೇ ಎಂದು ಮೊದಲೇ ನೋಡಿ. ಮೂರನೆಯದು ಹೆಚ್ಚಿನ ಅಲೈನ್‌ಮೆಂಟ್ ಅಂಗಡಿಗಳು ಮುಟ್ಟದ ವಿದ್ಯೆ: ಕೆಳಗಿನ ಆರ್ಮ್‌ನ ಕ್ಯಾಮ್ ಬೋಲ್ಟುಗಳಿಂದ ಕ್ಯಾಸ್ಟರ್ (ಚಕ್ರ ತಿರುಗಲು ಆಧಾರವಾದ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಹೆಚ್ಚಿಸಿದರೆ ಚಕ್ರ ಕೆಲವು ಮಿ.ಮೀ. ಮುಂದಕ್ಕೆ ಬರುತ್ತದೆ, ಹಿಂದಿನ ಮೂಲೆಗೆ ಉಸಿರಾಡಲು ಜಾಗ ಸಿಗುತ್ತದೆ. ಎರಡೂ ಬದಿ ಸಮವಾಗಿರಬೇಕು, ಕಂಪನಿ ಕೊಟ್ಟ ಮಿತಿ ದಾಟಬಾರದು. ತಗಡಿನ ಅಂಚನ್ನು ಸುತ್ತಿಗೆಯಿಂದ ಮಡಚುವವರೂ ಇದ್ದಾರೆ. ಮಡಚಿದ ದಿನವೇ ಪ್ರೈಮರ್ ಬಳಿಯದಿದ್ದರೆ ಮಲೆನಾಡಿನ ಒಂದು ಮಳೆಗಾಲ ಸಾಕು, ತುಕ್ಕು ಹಿಡಿಯುತ್ತದೆ.

ಲಿಫ್ಟ್ ಕಿಟ್ ಉಜ್ಜುವಿಕೆಗೆ ಮದ್ದಲ್ಲ. ನಿಂತ ಗಾಡಿಯಲ್ಲಿ ಅದು ಜಾಗ ತೋರಿಸುತ್ತದೆ, ಅಷ್ಟೇ. ಗುಂಡಿಗೆ ಬಿದ್ದು ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಚಕ್ರ ಬಂಪ್ ಸ್ಟಾಪ್ (ಏರಿಕೆಗೆ ಕೊನೆ ಹಾಕುವ ರಬ್ಬರಿನ ತಡೆ) ಮುಟ್ಟುವವರೆಗೆ ಏರಿಯೇ ಏರುತ್ತದೆ. ಆ ಸ್ಟಾಪ್ ಮೊದಲಿದ್ದಲ್ಲೇ ಇರುತ್ತದೆ. ಸಂತೆಯಲ್ಲಿ ಸಿಗುವ ಅಗ್ಗದ ಅಲ್ಯುಮಿನಿಯಂ ಸ್ಪೇಸರಂತೂ, ವಿಶೇಷವಾಗಿ ಹಬ್ಬಿಗೆ ಕೂರದೆ ಬೋಲ್ಟಿನ ಮೇಲೇ ನಿಲ್ಲುವಂಥದ್ದು, ಯಾವ ಬೆಲೆಗೂ ಬೇಡ.

4. ಎಟಿಯೋ ಎಂಟಿಯೋ

ಎಟಿ, ಅಂದರೆ ಆಲ್ ಟೆರೇನ್. ಅಷ್ಟೇ. ಎಂಟಿ ಅಂದರೆ ಮಡ್ ಟೆರೇನ್ ಟೈರು ನೋಡಲು ಗಂಭೀರ. ಆದರೆ ಅದರ ದೊಡ್ಡ ಬ್ಲಾಕ್‌ಗಳಲ್ಲಿ ನೀರು ಒರೆಸುವ ಸಣ್ಣ ಸೀಳುಗಳು ಕಡಿಮೆ. ಶಿರಾಡಿಯ ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಿಡಿಯುವ ದೂರ ಹೆಚ್ಚುತ್ತದೆ, ಸದ್ದಂತೂ ವಿಪರೀತ. ವಾರದ ಆರು ದಿನ ಕೆಸರಿನಲ್ಲೇ ಇರುವ ಗಾಡಿಗೆ ಮಾತ್ರ ಎಂಟಿ ಸರಿ. ಯೊಕೊಹಾಮಾ ಜಿಯೊಲ್ಯಾಂಡರ್ ಎಟಿ, ಬಿಎಫ್ ಗುಡ್‌ರಿಚ್ ಕೆಒ2 ಥರದವು ತೋಟ-ಹೆದ್ದಾರಿ ಎರಡಕ್ಕೂ ಒಗ್ಗುತ್ತವೆ. ಮೊದಲನೆಯದು ಹಗುರ ಮತ್ತು ಎಲ್‌ಟಿ (ಲೈಟ್ ಟ್ರಕ್) ಎರಡೂ ಬಗೆಯಲ್ಲಿದೆ, ಎರಡನೆಯದರ ಸೈಡ್‌ವಾಲ್ ದಪ್ಪ.

ಈ ಎಲ್‌ಟಿ ಗುರುತಿನ ವಿಷಯದಲ್ಲಿ ಎಚ್ಚರ. ಕಲ್ಲಿಗೆ ಸೈಡ್‌ವಾಲ್ ಹರಿಯದಿರಲು ಎಲ್‌ಟಿ ಒಳ್ಳೆಯದು, ಆದರೆ ತೂಕ ಹೆಚ್ಚು. ಅದೇ ಭಾರ ಹೊರಲು ಗಾಳಿಯೂ ಹೆಚ್ಚು ಬೇಕು. ಸ್ಟಿಕರಿನಲ್ಲಿರುವಷ್ಟೇ ಗಾಳಿ ಹಾಕಿ ಓಡಿಸಿದರೆ ಟೈರು ಬಿಸಿಯಾಗಿ ಭುಜ ಸವೆಯುತ್ತದೆ. ಹಾಗೆಂದು ಸೈಡ್‌ವಾಲಿನಲ್ಲಿ ಬರೆದ 80 ಪಿಎಸ್‌ಐ ಹಾಕಬೇಡಿ, ಅದು ಗರಿಷ್ಠ ಭಾರಕ್ಕೆ ಹೇಳಿದ್ದು. ಟೈರು ಕಂಪನಿಯ ಭಾರ-ಗಾಳಿ ಪಟ್ಟಿಯಿಂದ ಶುರು ಮಾಡಿ, ಆಮೇಲೆ ಸೀಮೆಸುಣ್ಣದ ಪರೀಕ್ಷೆ: ಟೈರಿನ ಅಗಲಕ್ಕೆ ಅಡ್ಡ ಗೆರೆ ಎಳೆದು ನೇರ ರಸ್ತೆಯಲ್ಲಿ ಒಂದಿಷ್ಟು ಓಡಿಸಿ. ನಡುವೆ ಮಾತ್ರ ಅಳಿಸಿದರೆ ಗಾಳಿ ಜಾಸ್ತಿ, ಅಂಚುಗಳು ಮಾತ್ರ ಅಳಿಸಿದರೆ ಕಡಿಮೆ. ಪಟ್ಟಿಯ ಅಂಕಿಗಿಂತ ಮಾತ್ರ ಕೆಳಗೆ ಇಳಿಯಬೇಡಿ. ಕಾಫಿ ಮೂಟೆ ಹೇರುವ ದಿನ ಹಿಂದಿನ ಎರಡಕ್ಕೂ ಗಾಳಿ ಏರಿಸಬೇಕು.

ಲೋಡ್ ಇಂಡೆಕ್ಸ್ ಮೂಲ ಟೈರಿಗಿಂತ ಕಡಿಮೆ ಇರಕೂಡದು. 112 ಅಂದರೆ ಒಂದು ಟೈರಿಗೆ 1120 ಕೆ.ಜಿ., 115 ಅಂದರೆ 1215.

5. ಕೊಳ್ಳುವಾಗ

ತಯಾರಿಕೆಯ ವಾರ ಓದಿ: 2324 ಎಂದಿದ್ದರೆ 2024ರ 23ನೇ ವಾರ. ಎರಡು ವರ್ಷ ದಾಟಿದ ದಾಸ್ತಾನು ಬೇಡ, ರಿಯಾಯಿತಿ ಎಷ್ಟೇ ಇರಲಿ. ಐಎಸ್‌ಐ ಗುರುತು ಇಲ್ಲದ್ದು ಬೇಡ. ಹಳೇ ಕೇಸಿಂಗಿಗೆ ಮಡ್ ಟೈರಿನ ಅಚ್ಚು ಕೂರಿಸಿದ ರಿಸೋಲ್ ಟೈರು ಅರ್ಧ ಬೆಲೆಗೆ ಸಿಗುತ್ತದೆ. ಘಾಟಿ ಇಳಿಯುವ ಗಾಡಿಯ ಮುಂಚಕ್ರಕ್ಕೆ ಅದನ್ನು ಹಾಕುವುದು ಹುಚ್ಚುತನ.

ನಾಲ್ಕಲ್ಲ, ಐದು ಕೊಳ್ಳಿ. ಈ ಪಿಕಪ್‌ಗಳಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಬಲ ಹೋಗುವ ಸ್ಥಿತಿ) ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್ ಒಂದಕ್ಕೊಂದು ಬೀಗ ಹಾಕಿದಂತೆ ಒಂದೇ ವೇಗದಲ್ಲಿ ತಿರುಗುತ್ತವೆ. ಪಂಕ್ಚರ್ ಆಗಿ ಹಳೇ ಅಳತೆಯ ಸ್ಟೆಪ್ನಿ ಒಂದು ಕಡೆ ಹಾಕಿದಿರೋ, ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಮೇಲೆ ಒತ್ತಡ ಶುರು. ಹೊಸ ಅಳತೆಯದು ಹಿಂದಿನ ತೊಟ್ಟಿಯ ಕೆಳಗಿನ ಸ್ಟೆಪ್ನಿ ಜಾಗದಲ್ಲಿ ಕೂರುತ್ತದೆಯೇ ಎಂದು ದುಡ್ಡು ಕೊಡುವ ಮೊದಲೇ ಅಳೆಯಿರಿ. 803ರವರೆಗೆ ಸಾಧಾರಣವಾಗಿ ತಿಣುಕಿ ಕೂರುತ್ತದೆ.

ಕಾನೂನಿನ ಕಡೆ: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿಯ ಮಾರ್ಪಾಡಿಗೆ ಮಿತಿ ಹಾಕುತ್ತದೆ. ತಯಾರಕರ ಮೂಲ ನಮೂನೆ ಬದಲಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಕಂಪನಿ ಅದೇ ಗಾಡಿಗೆ ಕೊಡುವ ಅಳತೆಯೇ ಎಲ್ಲಕ್ಕಿಂತ ನಿರಾತಂಕ. ಅದನ್ನು ಮೀರುವುದಾದರೆ ಮೊದಲೇ ಆರ್‌ಟಿಒದಲ್ಲಿ ಕೇಳಿ, ವಿಮೆಯವರಿಗೂ ಬರವಣಿಗೆಯಲ್ಲಿ ತಿಳಿಸಿ. ಚಕ್ರ ಗೂಡಿನಿಂದ ಹೊರಗೆ ಚಾಚಿದರೆ ಚೆಕ್‌ಪೋಸ್ಟಿನಲ್ಲಿ ಕೈ ಅಡ್ಡ ಬರುವುದು ಖಚಿತ. ಕೊಡಗಿನಿಂದ ಕೇರಳಕ್ಕೆ ಇಳಿಯುವವರು ಇದನ್ನು ಮರೆಯಬಾರದು.

ಹಾಗಾದರೆ ಯಾವ ಅಳತೆ? ವಿ-ಕ್ರಾಸ್‌ಗೆ ಇದ್ದ ರಿಮ್ಮಿನಲ್ಲೇ 265/60 ಆರ್18, ರಿಮ್ ಬದಲಿಸಿ ಜೇಡಿಯ ಪರೀಕ್ಷೆಯಲ್ಲೂ ಪಾಸಾದರೆ 265/70 ಆರ್17. ಹೈಲಕ್ಸ್‌ಗೂ 265/70 ಆರ್17 ಸಾಕು, ಅಲ್ಲಿ ಅದು ಶೇ 4ರೊಳಗಿನ ಏರಿಕೆ.

6. ಹಾಕಿಸಿದ ಮೇಲೆ

ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅದೇ ದಿನ. ನಟ್ಟುಗಳನ್ನು ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ರೆಂಚಿನಲ್ಲಿ, ಕೈಪಿಡಿಯ ಅಂಕಿಗೆ ಬಿಗಿಸಿ. ನ್ಯೂಮ್ಯಾಟಿಕ್ ಗನ್ನಿನಿಂದ 'ಟರ್ರ್' ಎನ್ನಿಸಿ ಮುಗಿಸುವ ಹುಡುಗನನ್ನು ತಡೆಯಿರಿ. ಮೀಟರ್ ಈಗ ಕಡಿಮೆ ತೋರಿಸುತ್ತದೆ. ಎತ್ತರ ಶೇ 5 ಹೆಚ್ಚಿದ್ದರೆ ಮೊದಲಿಗಿಂತ ಅಷ್ಟೇ ವೇಗ ಹೆಚ್ಚು, ಜಿಪಿಎಸ್‌ನಲ್ಲಿ ಹೋಲಿಸಿ ನೋಡಿ. ಓಡೋಮೀಟರಿಗೂ ಇದೇ ಗತಿ, 10,000 ತೋರಿಸುವಾಗ ಗಾಡಿ ಸುಮಾರು 10,500 ಓಡಿರುತ್ತದೆ. ಮೈಲೇಜ್ ಬಿತ್ತೆಂದು ಗೋಳಾಡುವ ಮೊದಲು ಈ ಲೆಕ್ಕ ಸರಿಪಡಿಸಿಕೊಳ್ಳಿ. ಗೇರುಗಳೂ ಅಷ್ಟೇ ಪ್ರಮಾಣದಲ್ಲಿ ಉದ್ದವಾದಂತೆ. ಘಾಟಿಯಲ್ಲಿ ಮೂರನೆಯದರಲ್ಲಿ ಹತ್ತುತ್ತಿದ್ದಲ್ಲಿ ಎರಡಕ್ಕೆ ಇಳಿಸಬೇಕಾದೀತು.

80-100 ಕಿ.ಮೀ. ಆದ ಮೇಲೆ ನಟ್ಟು ಮತ್ತೊಮ್ಮೆ ಬಿಗಿಸಿ. ಮೊದಲ ಸಲ ತುಂಬಿದ ಲೋಡಿನಲ್ಲಿ ತೋಟ ಸುತ್ತಿ ಬಂದ ಸಂಜೆ ಟಾರ್ಚ್ ಹಿಡಿದು ನಾಲ್ಕೂ ಗೂಡುಗಳಲ್ಲಿ ಇಣುಕಿ. ಪ್ಲಾಸ್ಟಿಕ್ಕಿನ ಮೇಲೆ ಕಪ್ಪಗೆ ಹೊಳೆಯುವ ಗೀರು ಕಂಡರೆ ಹೀಟ್ ಗನ್ ತೆಗೆಯಿರಿ. ಅದೇ ಹೊಳಪು ಲೋಹದ ಮೇಲಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಹಳೇ ಟೈರು ಹಾಕಿ ಅಂಗಡಿಗೆ ಒಯ್ಯಿರಿ.