ಬಿಸಿಲ ಸೀಮೆಯ ಕುಂಡದಲ್ಲಿ ಕೊತ್ತಂಬರಿ, ಪುದೀನಾ, ಕರಿಬೇವು

ರಾಯಚೂರಿನಲ್ಲಿ ಬೇಸಿಗೆಯ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ, ದಿನವಿಡೀ ಬಿಸಿಲು ಬೀಳುವ ಕಡೆ ಕುಂಡ ಇಡಬೇಕೆಂಬ ಸಲಹೆಯನ್ನು ನಮ್ಮ ಮಾಳಿಗೆಯ ಮೇಲೆ ಪಾಲಿಸಿದರೆ ಸೊಪ್ಪು ಅಡುಗೆಮನೆಗೆ ಬರುವ ಮೊದಲೇ ಸುಟ್ಟುಹೋಗುತ್ತದೆ. ಇಲ್ಲಿ ಬೆಳಗಿನ ಹೊತ್ತು ನಾಲ್ಕು ತಾಸು ಬಿಸಿಲು ಬಿದ್ದರೆ ಸಾಕು. ಮಧ್ಯಾಹ್ನದ ಹೊತ್ತಿಗೆ ಗೋಡೆಯ ನೆರಳಾಗಲಿ ಹಸಿರು ಬಲೆಯಾಗಲಿ ಬೇಕೇ ಬೇಕು. ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಬೇರು ಬೇಯುತ್ತದೆ, ಆದ್ದರಿಂದ ಮಣ್ಣಿನ ಕುಂಡವೇ ಲೇಸು.

ಹೊಲದ ಎರೆಮಣ್ಣನ್ನು ಹಾಗೆಯೇ ತುಂಬಬಾರದು. ಅದು ನೆನೆದಾಗ ನೀರು ಕಟ್ಟುತ್ತದೆ, ಒಣಗಿದಾಗ ಬಿರುಕು ಬಿಟ್ಟು ಬೇರನ್ನು ಹರಿಯುತ್ತದೆ. ಎರಡು ಪಾಲು ಮಸಾರಿ, ಅಂದರೆ ಕೆಂಪು ಮಣ್ಣಿಗೆ ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಮತ್ತು ಮರಳು ಒಂದೊಂದು ಪಾಲು ಬೆರೆಸಬೇಕು.

ಕೊತ್ತಂಬರಿ ಚಳಿಯ ಬೆಳೆ. ದಸರೆಯಿಂದ ಶಿವರಾತ್ರಿಯವರೆಗೆ ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿತ್ತುತ್ತಿದ್ದರೆ ಸೊಪ್ಪು ತಪ್ಪುವುದಿಲ್ಲ. ಒಂದೊಂದು ಕಾಳಿನಲ್ಲಿ ಎರಡು ಬೀಜಗಳಿರುವುದರಿಂದ, ಲಟ್ಟಣಿಗೆಯಿಂದ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಹಾಕಬೇಕು. ಮೊಳಕೆಗೆ ಹತ್ತು ದಿನವಾದರೂ ಹಿಡಿಯುವುದರಿಂದ ನಡುವೆ ಕೆದಕಿ ನೋಡಬಾರದು. ಸಸಿಯನ್ನು ಕಿತ್ತು ಬೇರೆಡೆ ನೆಟ್ಟರೆ ಅದು ಏಳುವುದಿಲ್ಲ. ಏಪ್ರಿಲ್‌ನಲ್ಲಿ ಹಾಕಿದ ಕೊತ್ತಂಬರಿ ಎಲೆ ಬಿಡುವ ಮೊದಲೇ ಹೂವಿಗೆ ತಿರುಗುತ್ತದೆ, ಹಾಗಾಗಿ ಆ ತಿಂಗಳುಗಳಲ್ಲಿ ಹಟ ಹಿಡಿಯದೆ ಹುಳಿಯಾದ ಪುಂಡಿ ಸೊಪ್ಪು ಹಾಕುವುದು ಜಾಣತನ. ರೊಟ್ಟಿಗೆ ಅದಕ್ಕಿಂತ ಒಳ್ಳೆಯ ಜೊತೆಯೂ ಇಲ್ಲ. ಮೆಂತ್ಯ ಸುಲಭ, ಮೂರು ವಾರ ಕಳೆದರೆ ಕೊಯ್ಯಬಹುದು.

ಪುದೀನಾಕ್ಕೆ ಬೀಜ ಹುಡುಕಬೇಕಾಗಿಲ್ಲ. ಸಂತೆಯಿಂದ ತಂದ ಕಟ್ಟಿನಲ್ಲಿ ಗಟ್ಟಿ ಕಡ್ಡಿಗಳನ್ನು ಆರಿಸಿ ನೀರಿನ ಲೋಟದಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬರುತ್ತದೆ. ಅದು ಅಕ್ಕಪಕ್ಕದ ಗಿಡಗಳನ್ನು ಒತ್ತರಿಸಿ ಹಬ್ಬುವುದರಿಂದ ಅಗಲವಾದ ಬೇರೆ ಕುಂಡ ಕೊಡಬೇಕು.

ಕರಿಬೇವಿನ ವಿಷಯದಲ್ಲಿ ಮಾತ್ರ ನನಗೆ ಸುಮ್ಮನಿರಲಾಗುವುದಿಲ್ಲ. ಎಲೆಗಳನ್ನು ಒಂದೊಂದೇ ತರಿದರೆ ಗಿಡ ಸೊರಗಿ ಕೋಲಿನಂತೆ ಮೇಲಕ್ಕೆ ಹೋಗುತ್ತದೆ; ಕುಡಿಯನ್ನು ಕತ್ತರಿಯಿಂದ ತುಂಡರಿಸಿದರೆ ಕೆಳಗಿನ ಗಿಣ್ಣುಗಳು ಚಿಗುರಿ ಪೊದೆಯಾಗುತ್ತದೆ. ಎಳೆಗಿಡದಲ್ಲಿ ಹೂವಿನ ಗೊಂಚಲು ಕಂಡರೆ ಚಿವುಟಬೇಕು. ಎಲೆ ತಿನ್ನುವ ಹಸಿರು ಹುಳು ಚಿಟ್ಟೆಯ ಮರಿಯಾಗಿದ್ದು, ಕೈಯಿಂದ ಆರಿಸಿದರೆ ಸಾಕು. ಉಪ್ಪು ಹಾಕದ ಹುಳಿ ಮಜ್ಜಿಗೆಗೆ ಬಹಳಷ್ಟು ನೀರು ಬೆರೆಸಿ ಆಗಾಗ ಬುಡಕ್ಕೆ ಹಾಕುವುದು ನಮ್ಮ ಮನೆಯ ರೂಢಿ.

ಬೋರ್‌ವೆಲ್ ನೀರು ಸವುಳಾಗಿದ್ದರೆ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಾಣಿಸಿಕೊಂಡು ಎಲೆಯ ತುದಿ ಕಂದುತ್ತದೆ. ಆಗ ಮೇಲ್ಪದರವನ್ನು ಕೆರೆದು ತೆಗೆದು, ಸಿಹಿನೀರನ್ನು ತಳದ ತೂತಿನಿಂದ ಧಾರಾಳವಾಗಿ ಹರಿಯುವಷ್ಟು ಹಾಕಬೇಕು. ಅಕ್ಕಿ ತೊಳೆದ ನೀರನ್ನೂ ಬಳಸಬಹುದು, ಪಾತ್ರೆ ತೊಳೆದ ಸೋಪಿನ ನೀರು ಮಾತ್ರ ಬೇಡ.