ಜಾಮೀನು ನಿಲ್ಲುವ ಮುಂಚೆ ಹೊರಬರುವ ದಾರಿ ನೋಡಿಕೊಳ್ಳಿ

"ಅಣ್ಣಾ, ಒಂದು ಸಹಿ ಅಷ್ಟೇ" ಅಂತ ಕರೆದುಕೊಂಡು ಹೋಗುತ್ತಾರೆ. ಹಾಗೆ ಹೋದವರು ಎರಡು ವರ್ಷದ ಮೇಲೆ ಕೋರ್ಟ್ ನೋಟಿಸ್ ಹಿಡಿದು ಅಲೆಯುವುದನ್ನು ನಮ್ಮೂರಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಆರೋಪಿ ತಪ್ಪು ಮಾಡಿಲ್ಲ ಅಂತ ನೀವೇನೂ ಹೇಳುತ್ತಿಲ್ಲ. ವಾಯಿದೆಗೆ ಅವನು ಬರುತ್ತಾನೆ, ಬರದಿದ್ದರೆ ಬಾಂಡಿನ ಮೊತ್ತ ನಾನು ಕಟ್ಟುತ್ತೇನೆ ಅನ್ನುತ್ತಿದ್ದೀರಿ. ಐವತ್ತು ಸಾವಿರದ ಬಾಂಡ್ ಅಂದರೆ ಅವತ್ತೇ ದುಡ್ಡು ಎಣಿಸಬೇಕಿಲ್ಲ, ಅದಕ್ಕೇ ಜನ ಮೋಸ ಹೋಗುವುದು.

ಕಾಗದ ಸುಲಭ: ಆಧಾರ್, ಫೋಟೊ, ಹೊಸ ಪಹಣಿ ಅಥವಾ ಮನೆ ಖಾತೆ, ಕಂದಾಯ ರಸೀದಿ. ಉಳಿದದ್ದು ವಕೀಲರನ್ನು ಕೇಳಿ. ಜಂಟಿ ಪಹಣಿ ತಂದು ಪರದಾಡುವವರೇ ಜಾಸ್ತಿ, ನಿಮ್ಮೊಬ್ಬರ ಹೆಸರಿನದು ಇದ್ದರೆ ಅದನ್ನೇ ತನ್ನಿ. ಕೋರ್ಟ್ ಆವರಣದಲ್ಲಿ "ಜಾಮೀನಿಗೆ ಜನ ಕೊಡಿಸ್ತೀನಿ" ಅನ್ನುವವರ ಹತ್ತಿರ ಮಾತ್ರ ಸುಳಿಯಬೇಡಿ. ಖೊಟ್ಟಿ ಪಹಣಿ ಸಿಕ್ಕಿಬಿದ್ದರೆ ಇನ್ನೊಂದು ಕೇಸು.

ನ್ಯಾಯಾಧೀಶರು ಆರೋಪಿ ನಿಮಗೇನಾಗಬೇಕು, ಎಲ್ಲಿರುತ್ತಾನೆ ಅಂತ ಕೇಳಬಹುದು. ಬಾಯಿಪಾಠ ಮಾಡಿದ್ದು ಇಲ್ಲಿ ಕೈಕೊಡುತ್ತದೆ, ಗೊತ್ತಿದ್ದದ್ದನ್ನೇ ಹೇಳಿ. ಈಗಾಗಲೇ ಎಷ್ಟು ಜನಕ್ಕೆ ಜಾಮೀನು ನಿಂತಿದ್ದೀರಿ ಅನ್ನುವುದನ್ನೂ ಬರೆದುಕೊಡಬೇಕು (ಬಿಎನ್‌ಎಸ್‌ಎಸ್, ಅಂದರೆ ಹಳೇ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 486ನೇ ಕಲಂ). ಮುಚ್ಚಿಡಬೇಡಿ.

ಸಹಿ ಆಯಿತು. ಎಲ್ಲರೂ ಎಡವುವುದು ಇದರ ಮುಂದೆ. ಕೇಸ್ ನಂಬರ್ ಬರೆದಿಟ್ಟುಕೊಂಡು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ವಾಯಿದೆ ನೀವೇ ನೋಡಿ. ಹಿಂದಿನ ದಿನ ಅವನಿಗೊಂದು ಫೋನ್ ಮಾಡಿ, "ಬರ್ತೀನಿ" ಅಂದರೆ ಸಾಲದು, ಹೊರಟ ಮೇಲೆ ಮತ್ತೆ ಮಾಡಿ. ಅವನು ತಪ್ಪಿಸಿಕೊಂಡರೆ ಬಾಂಡ್ ಮುಟ್ಟುಗೋಲಾಗಿ, ದಂಡ ಯಾಕೆ ಕಟ್ಟಬಾರದು ಅಂತ ನಿಮಗೆ ನೋಟಿಸ್ ಬರುತ್ತದೆ. ಆಗ "ಮನೆಯಲ್ಲಿಲ್ಲ" ಅಂತ ಹೇಳಿಸಿ ಕಳಿಸುವುದು ದೊಡ್ಡ ದಡ್ಡತನ. ದಂಡವನ್ನು ಕಟ್ಟದೆ, ವಸೂಲಿಯೂ ಆಗದಿದ್ದರೆ 6 ತಿಂಗಳವರೆಗೆ ಸಿವಿಲ್ ಜೈಲಿಗೆ ಹಾಕುವ ಅಧಿಕಾರ ಕೋರ್ಟಿಗಿದೆ (491ನೇ ಕಲಂ). ಅದೇ ಕಲಂನಲ್ಲಿ ದಂಡ ಕಡಿಮೆ ಮಾಡುವ ಅವಕಾಶವೂ ಇದೆ. ಹಾಗಾಗಿ ಹೇಳಿದ ದಿನ ಹೋಗಿ. ಅವನನ್ನು ಹುಡುಕಿದ್ದು, ಪೊಲೀಸರಿಗೆ ತಿಳಿಸಿದ್ದು, ಏನೇನು ಮಾಡಿದಿರೋ ಎಲ್ಲಾ ಬರೆದು ಕೊಡಿ. ಅವನನ್ನೇ ಎಳೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಅವನ ನಡೆ ಸರಿಯಿಲ್ಲ ಅನ್ನಿಸಿದರೆ ನೋಟಿಸ್‌ಗೆ ಕಾಯಬೇಡಿ. 489ನೇ ಕಲಂ ಪ್ರಕಾರ, ನನ್ನನ್ನು ಬಿಡುಗಡೆ ಮಾಡಿ ಅಂತ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಕೋರ್ಟ್ ಅವನಿಗೆ ವಾರಂಟ್ ಹೊರಡಿಸುತ್ತದೆ. ಅವನು ಎದುರು ಬಂದ ಮೇಲೆ ನಿಮ್ಮ ಬಾಂಡ್ ರದ್ದಾಗುತ್ತದೆ, ಬೇರೆ ಜಾಮೀನುದಾರನನ್ನು ಅವನೇ ತರಬೇಕು. ನೆಂಟಸ್ತನ ಕೆಟ್ಟೀತು ಅಂತ ಸುಮ್ನೆ ಕೂರುವವರು ಕೊನೆಗೆ ನೆಂಟಸ್ತನ, ದುಡ್ಡು ಎರಡನ್ನೂ ಕಳೆದುಕೊಂಡಿದ್ದಾರೆ. ನನ್ನ ಮಟ್ಟಿಗಂತೂ, ಮೊತ್ತ ಚಿಕ್ಕದಿದ್ದರೆ ಜಾಮೀನುದಾರರ ಬದಲು ನಗದು ಠೇವಣಿಗೆ ಕೋರ್ಟ್ ಒಪ್ಪುತ್ತದಾ ಅಂತ ಮೊದಲು ಕೇಳಿಸಿ ನೋಡುತ್ತೇನೆ.

ಇನ್ನೊಂದು ಬಿಟ್ಟೆ. ಪಹಣಿಯ 11ನೇ ಕಾಲಂನಲ್ಲಿ ಕೋರ್ಟ್ ಜಾಮೀನು ಅಂತ ನಮೂದಾಗಿದ್ದರೆ, ಕೇಸು ಮುಗಿದ ಮೇಲೆ ಅದು ತಾನಾಗಿ ಹೋಗುತ್ತದೆ ಅಂತ ಕೂರಬೇಡಿ. ಕೋರ್ಟಿನಿಂದ ಪತ್ರ ಬರೆಸಿಕೊಂಡು ತಹಶೀಲ್ದಾರ್ ಕಚೇರಿಗೆ ಕೊಡಿ, ಆಮೇಲೆ ಹೊಸ ಪಹಣಿ ತೆಗೆಸಿ ಹೋಗಿದೆಯಾ ಅಂತ ನೋಡಿ. ಇಲ್ಲದಿದ್ದರೆ ಬೆಳೆ ಸಾಲಕ್ಕೆ ಬ್ಯಾಂಕಿಗೆ ಹೋದ ದಿನ ಗೊತ್ತಾಗುತ್ತದೆ.