ಏಡಿ ಸಾರು ಸರಿ, ಒರಳು ತೊಳೆದಿರಾ?

ಮಳೆ ಹಿಡಿದು ವಾರವಾದರೆ ಸಾಕು, ತೀರ್ಥಹಳ್ಳಿ, ಹೊಸನಗರದ ಕಡೆ ರಾತ್ರಿ ಗದ್ದೆ ಅಂಚಿನಲ್ಲಿ ಬ್ಯಾಟರಿ ಬೆಳಕು ಓಡಾಡುತ್ತದೆ. ಏಡಿ ಹಿಡಿಯುವವರು. ಮರುದಿನ ಸಾರು. ಚೆನ್ನಾಗಿ ಕುದಿದ ಸಾರಿನಿಂದ ಹುಳ ಬರುವುದಿಲ್ಲ, ಹೆದರಬೇಡಿ. ಎಡವಟ್ಟಾಗುವುದು ಪಾತ್ರೆ ಒಲೆ ಏರುವ ಮೊದಲು.

ಸಿಹಿನೀರಿನ ಏಡಿಯಲ್ಲಿ ಶ್ವಾಸಕೋಶದ ಚಪ್ಪಟೆ ಹುಳದ ಮರಿ ಇರಬಹುದು. ಹಸಿಯಾಗಿ ಹೊಟ್ಟೆ ಸೇರಿದರೆ ಅದು ಕರುಳು ಕೊರೆದು ಮೇಲೇರಿ ಶ್ವಾಸಕೋಶದಲ್ಲಿ ಮನೆ ಮಾಡುತ್ತದೆ. ನಮ್ಮ ದೇಶದಲ್ಲಿ ಮಣಿಪುರ, ನಾಗಾಲ್ಯಾಂಡ್, ಅರುಣಾಚಲದ ಕಡೆ ಇದರ ಕಾಟ ಜಾಸ್ತಿ. ಕೆಮ್ಮು, ಕಫದಲ್ಲಿ ರಕ್ತ. ಟಿ.ಬಿ. ಅಂದುಕೊಂಡು ಸುಮ್ನೆ ಅದರ ಮಾತ್ರೆ ನುಂಗಿದವರಿದ್ದಾರೆ.

ಮೊದಲು ಜಾಗ ನೋಡಿಕೊಳ್ಳಿ. ಏಡಿ ಬಿಡಿಸುವ ಕೆಲಸ ಹಿತ್ತಲಲ್ಲೇ ಮುಗಿಯಲಿ. ಚಿಪ್ಪು ಕಿತ್ತ ಮೆಟ್ಟುಗತ್ತಿಯಲ್ಲೇ ಸೌತೆಕಾಯಿ ಹೆಚ್ಚಬೇಡಿ. ನಾನು ಹೆಚ್ಚಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಆಮೇಲೆ ಒರಳು. ಇಲ್ಲಿ ಸ್ವಲ್ಪ ನಿಧಾನ. ಸಣ್ಣ ಕಾಲುಗಳನ್ನು ಜಜ್ಜಿ, ನೀರು ಬೆರೆಸಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯುತ್ತೇವಲ್ಲ, ಸಾರಿನ ರುಚಿಯೆಲ್ಲ ಅದರಲ್ಲೇ. ಹುಳದ ಮರಿ ಇದ್ದರೆ ಅದೂ ಅದರಲ್ಲೇ, ಕಣ್ಣಿಗೆ ಬೀಳದಷ್ಟು ಸಣ್ಣದು. ಈ ರಸವನ್ನು ಕೊನೆಗೆ ಸುರಿದು ಪಾತ್ರೆ ಇಳಿಸುವ ಅಭ್ಯಾಸವಿದ್ದರೆ ಬಿಡಿ. ಮಸಾಲೆ ಜೊತೆಗೇ ಹಾಕಿ, ಹತ್ತು ನಿಮಿಷ ಕೊತಕೊತ ಕುದಿಸಿ. ಉಪ್ಪು ಸರಿಯಿದೆಯಾ ಅಂತ ನೆಕ್ಕಿ ನೋಡುವುದೂ ಕುದಿ ಬಂದ ಮೇಲೆಯೇ. ಶೀತಕ್ಕೆ ಒಳ್ಳೇದು ಅಂತ ಹಸಿ ರಸವನ್ನು ಮಕ್ಕಳಿಗೆ ಕುಡಿಸುವುದಂತೂ ಬೇಡವೇ ಬೇಡ. ಒರಳು, ಹಿಂಡಿದ ಬಟ್ಟೆ, ಕತ್ತಿ ಎಲ್ಲಕ್ಕೂ ಕುದಿಯುವ ನೀರು ಹಾಕಿ. ಕೈಗೆ ಸೋಪು, ಉಗುರಿನ ಸಂದಿಯೂ ಸೇರಿ. ಅದಾದ ಮೇಲೆ ಅದೇ ಒರಳಲ್ಲಿ ಚಟ್ನಿ ರುಬ್ಬಿ.

‘ನಾವು ಮಾಂಸ ಮುಟ್ಟಲ್ಲ, ನಮಗೇನು?’ ಅನ್ನುವವರಿಗೂ ಒಂದು ಮಾತಿದೆ. ಬೇಯದ ಹಂದಿ ಮಾಂಸ ತಿಂದವರ ಹೊಟ್ಟೆಯಲ್ಲಿ ಲಾಡಿಹುಳ ಬೆಳೆಯುತ್ತದೆ. ಆ ಹುಳದ ಮೊಟ್ಟೆ ಮಲದಿಂದ ಮಣ್ಣಿಗೆ, ನೀರಿಗೆ, ಸೊಪ್ಪಿಗೆ ಬರುತ್ತದೆ. ಅದನ್ನು ನುಂಗಿದವರ ಮಿದುಳಿನಲ್ಲಿ ಮರಿಹುಳ ಗಂಟು ಕಟ್ಟಿ ಫಿಟ್ಸ್ ಬರಬಹುದು, ಅವರು ಜನ್ಮದಲ್ಲಿ ಹಂದಿ ತಿಂದಿರದಿದ್ದರೂ! ಕೋಸಂಬರಿಗೆ ಹಾಕುವ ಕ್ಯಾರೆಟ್, ಕೊತ್ತಂಬರಿ ಸೊಪ್ಪನ್ನು ಹರಿಯುವ ನೀರಲ್ಲಿ ಉಜ್ಜಿ ತೊಳೆಯಿರಿ.

ಇನ್ನು ಪ್ರವಾಸ. ಮಗನೋ ಮಗಳೋ ಕೊರಿಯಾ, ಚೀನಾ ಕಡೆ ಹೊರಟಿದ್ದರೆ, ಸೋಯಾ ಸಾಸ್‌ನಲ್ಲೋ ಹೆಂಡದಲ್ಲೋ ನೆನೆಸಿದ ಹಸಿ ಏಡಿ ಸಿಗುತ್ತದೆ ಅಂತ ಮೊದಲೇ ಹೇಳಿಟ್ಟಿರಿ. ಉಪ್ಪು, ಹುಳಿ, ಹೆಂಡ ಹುಳವನ್ನು ಕೊಲ್ಲುತ್ತವೆ ಅಂತ ನಂಬುವ ಹಾಗಿಲ್ಲ. ಹಸಿ ಮೀನಿನ ಸುಶಿಯಾದರೆ, ಮೀನನ್ನು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಟ್ಟಿರಬೇಕು. ಮನೆಯ ಫ್ರಿಜ್‌ಗೆ ಆ ತಾಕತ್ತಿಲ್ಲ.

ಕೊನೆಗೆ ಡಾಕ್ಟರ್ ಹತ್ತಿರ. ಶಾಲೆಯಲ್ಲಿ ಫೆಬ್ರವರಿ 10ಕ್ಕೆ ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಮಾತ್ರೆ ದುಂಡುಹುಳ, ಕೊಕ್ಕೆಹುಳಕ್ಕೆ. ಶ್ವಾಸಕೋಶದ ಹುಳಕ್ಕೆ ಬೇಕಾಗುವುದು ಪ್ರಾಜಿಕ್ವಾಂಟೆಲ್, ಅದೂ ತೂಕ ನೋಡಿ ಡಾಕ್ಟರೇ ಬರೆದುಕೊಡಬೇಕು. ಕೆಮ್ಮು ವಾರಗಟ್ಟಲೆ ಬಿಡದಿದ್ದರೆ ಟಿ.ಬಿ. ಪರೀಕ್ಷೆ ತಪ್ಪಿಸಬೇಡಿ. ಜೊತೆಗೆ, ‘ಎರಡು ತಿಂಗಳ ಹಿಂದೆ ಏಡಿ ಬಿಡಿಸಿದ್ದೆ’ ಅಂತಲೋ ‘ಇಂಥ ದೇಶಕ್ಕೆ ಹೋಗಿದ್ದೆ’ ಅಂತಲೋ ನೀವಾಗಿಯೇ ಹೇಳಿ. ನೀವು ಹೇಳದೇ ಇದ್ದರೆ ಅವರಿಗಾದರೂ ಹೇಗೆ ಹೊಳೆಯಬೇಕು, ಅಲ್ವಾ?